ಬಾಯಲ್ಲಿ ಪೈಪ್ ಇರುವಾಗಲೇ ಕೂರಿಸಬಹುದೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಹಾವೇರಿ ಹತ್ತಿರದ ಹಳ್ಳಿಯವರು, ಮೆಕ್ಕೆಜೋಳ, ಮೆಣಸಿನಕಾಯಿ ಬೆಳೆಯುತ್ತಾರೆ. ನ್ಯುಮೋನಿಯಾ ಆಗಿ, ಸೋಂಕು ರಕ್ತಕ್ಕೆ ಸೇರಿ, ಹುಬ್ಬಳ್ಳಿಯಲ್ಲಿ ಐಸಿಯುಗೆ ಸೇರಿಸಿದ್ದೇವೆ. ಒಂಬತ್ತು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ನಿನ್ನೆ ಬಾಯಲ್ಲಿ ಪೈಪ್ ಇರುವಾಗಲೇ ಫಿಸಿಯೋ ಅವರು ಅಪ್ಪನನ್ನು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿದ್ದರು. ಗಾಜಿನಾಚೆಯಿಂದ ನೋಡಿ ಎದೆ ಝಲ್ಲೆಂದಿತು. ದೊಡ್ಡಪ್ಪ, 'ಇಷ್ಟು ನಿಶ್ಶಕ್ತಿ ಆದವನಿಗೆ ವಿಶ್ರಾಂತಿ ಬೇಕು, ಕಸರತ್ತಲ್ಲ. ನಿಲ್ಲಿಸಲು ಹೇಳು' ಎನ್ನುತ್ತಿದ್ದಾರೆ. ಇದು ಸರಿಯೇ? ಮನೆಯವರಾಗಿ ನಾವೇನು ಮಾಡಬಹುದು? ಅಪ್ಪ ಮತ್ತೆ ಹೊಲಕ್ಕೆ ಹೋಗುವಂತಾಗುತ್ತಾರೆಯೇ?

ಉತ್ತರ: ನಿಲ್ಲಿಸಲು ಹೇಳಬೇಡಿ. ಒಂಬತ್ತನೇ ದಿನಕ್ಕೆ ನಿಮ್ಮ ತಂದೆಯವರನ್ನು ಕೂರಿಸುವ ಸ್ಥಿತಿಗೆ ತಂದಿದ್ದಾರೆ ಎಂದರೆ ಆ ಐಸಿಯುನಲ್ಲಿ ಯಾರೋ ಲಕ್ಷ್ಯ ಕೊಟ್ಟು ಕೆಲಸ ಮಾಡುತ್ತಿದ್ದಾರೆ. ನಾನೂ ಫಿಸಿಯೋಥೆರಪಿಸ್ಟ್, ಆದರೆ ರೋಗಿಯನ್ನು ನೋಡಿಲ್ಲ, ಆದ್ದರಿಂದ ನಾಳೆ ಕೂರಿಸಬೇಕೋ ಬೇಡವೋ ಎಂಬುದನ್ನು ಅಲ್ಲಿನ ವೈದ್ಯರೇ ಹೇಳಬೇಕು. ಬಾಯಲ್ಲಿ ಪೈಪ್ ಇರುವುದು ಮಾತ್ರ ಕೂರಿಸದಿರಲು ಕಾರಣವಲ್ಲ. 2014ರಲ್ಲಿ ಈ ವಿಷಯದ ತಜ್ಞರು ಒಟ್ಟುಗೂಡಿ ಸುರಕ್ಷತೆಯ ಸೂಚನೆಗಳನ್ನು ಬರೆದಾಗ ಇದನ್ನು ಸ್ಪಷ್ಟವಾಗಿಯೇ ಹೇಳಿದರು. 

ದೊಡ್ಡಪ್ಪನವರ ಮಾತನ್ನು ತಳ್ಳಿಹಾಕಬೇಡಿ. ವೈದ್ಯಲೋಕವೂ ಬಹಳ ಕಾಲ ಹಾಗೆಯೇ ಯೋಚಿಸಿತ್ತು. ಹೃದಯಾಘಾತ ಆದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದ ಕಾಲವಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಇಟ್ಟು ಅಳೆದು ನೋಡಿದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಕರೆಸಿ ಮತ್ತೆ ಅಳೆದಾಗ, ಮೂವತ್ತು ವರ್ಷದ ವಯಸ್ಸು ಅವರ ದೇಹಶಕ್ತಿಯನ್ನು ತಗ್ಗಿಸಿದ್ದಕ್ಕಿಂತ ಆ ಮೂರು ವಾರದ ಮಲಗುವಿಕೆಯೇ ಹೆಚ್ಚು ತಗ್ಗಿಸಿತ್ತು ಎಂದು ಗೊತ್ತಾಯಿತು. ಅವರಿಗೆ ಯಾವ ರೋಗವೂ ಇರಲಿಲ್ಲ ಎಂಬುದನ್ನು ನೆನಪಿಡಿ.

ನಿಮ್ಮ ತಂದೆಯವರಿಗೆ ಮಲಗಿದ್ದರ ಜೊತೆಗೆ ಸೆಪ್ಸಿಸ್, ಅಂದರೆ ಸೋಂಕು ಇಡೀ ದೇಹವನ್ನು ಕಾಡುವ ಸ್ಥಿತಿ ಕೂಡ ಇದೆ. ಸೋಂಕಿನ ಉರಿಯಲ್ಲಿ ದೇಹ ತನ್ನ ಸ್ನಾಯುವನ್ನೇ ಒಡೆದು ಖರ್ಚು ಮಾಡುತ್ತದೆ. ಬ್ರಿಟನ್ನಿನ ವೈದ್ಯರು ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್ ಇಟ್ಟು ಮತ್ತೆ ಮತ್ತೆ ಅಳೆದು 2013ರಲ್ಲಿ ಪ್ರಕಟಿಸಿದರು: ಹತ್ತು ದಿನಕ್ಕೆ ಸ್ನಾಯುವಿನ ಗಾತ್ರ ಸರಾಸರಿ ಶೇ 17.7ರಷ್ಟು ಕರಗಿತ್ತು. ಒಂದಕ್ಕಿಂತ ಹೆಚ್ಚು ಅಂಗಗಳು ಕೆಟ್ಟವರಲ್ಲಿ ನಷ್ಟ ಇನ್ನೂ ಹೆಚ್ಚು. ಸ್ನಾಯು ಮಾತ್ರವಲ್ಲ, ಕೈಕಾಲಿನ ನರಗಳೂ ಸೊರಗುತ್ತವೆ. ಇದನ್ನು ಕೆನಡಾದ ಚಾರ್ಲ್ಸ್ ಬೋಲ್ಟನ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದರು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಪಾಡೂ ಅದೇ. ಕೆಲಸವನ್ನೆಲ್ಲ ಯಂತ್ರ ಮಾಡಿದರೆ ವಪೆಯ ಎಳೆಗಳು ಎರಡು ಮೂರು ದಿನದೊಳಗೇ ತೆಳುವಾಗತೊಡಗುತ್ತವೆ. 'ನ್ಯುಮೋನಿಯಾ ವಾಸಿಯಾಗಿದೆ ಅಂತಾರೆ, ಆದರೂ ವೆಂಟಿಲೇಟರ್ ಯಾಕೆ ತೆಗೀತಿಲ್ಲ?' ಎಂದು ಮನೆಯವರು ಕೇಳುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲೇ ಇರುತ್ತದೆ.

ಈ ನಿಶ್ಶಕ್ತಿಯನ್ನು ಅಳೆಯಲು ಯಂತ್ರವೇನೂ ಬೇಡ. ಮೊದಲು ರೋಗಿ ಎಚ್ಚರವಿದ್ದಾರೆಯೇ ಎಂದು ಐದು ಮಾತುಗಳಲ್ಲಿ ನೋಡುತ್ತೇವೆ: ಕಣ್ಣು ಮುಚ್ಚಿ ತೆಗೆಯಿರಿ, ನನ್ನ ಕಡೆ ನೋಡಿ, ಬಾಯಿ ತೆರೆದು ನಾಲಿಗೆ ಚಾಚಿ, ತಲೆಯಾಡಿಸಿ, ನಾನು ಐದು ಎಣಿಸಿದ ಮೇಲೆ ಹುಬ್ಬೇರಿಸಿ. ಇದಾದ ಮೇಲೆ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ ಹೀಗೆ ಎರಡೂ ಬದಿಯ ಶಕ್ತಿಗೆ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 60. 48ಕ್ಕಿಂತ ಕಡಿಮೆ ಬಂದರೆ ಐಸಿಯು ವಾಸದಿಂದ ಬಂದ ದೌರ್ಬಲ್ಯ ಎಂದು ಬರೆದುಕೊಳ್ಳುತ್ತೇವೆ. ನಿಮ್ಮ ತಂದೆಯವರ ಅಂಕ ಎಷ್ಟು ಎಂದು ಫಿಸಿಯೋ ಅವರನ್ನು ಕೇಳಿ. ಮುಂದಿನ ವಾರದ ಅಂಕ ಬಂದಾಗ ಎರಡನ್ನೂ ಹೋಲಿಸಿ ನೋಡಬಹುದು. 'ಸ್ಟೇಬಲ್ ಇದ್ದಾರೆ' ಎಂಬ ದಿನನಿತ್ಯದ ಮಾತಿಗಿಂತ ಇದರಲ್ಲಿ ಹೆಚ್ಚು ವಿಷಯ ಇರುತ್ತದೆ.

ನೀವು ಗಾಜಿನಾಚೆಯಿಂದ ನೋಡಿದ್ದು ಕೊನೆಯ ಎರಡು ನಿಮಿಷ ಮಾತ್ರ ಇರಬೇಕು. ಅದಕ್ಕೆ ಮೊದಲು ಆಗಿರುವ ಕೆಲಸವನ್ನು ಹೇಳುತ್ತೇನೆ, ಭಯ ಅರ್ಧ ಇಳಿಯುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಹೋಗುತ್ತಿರುವ ದ್ರವಾಹಾರ ನಿಲ್ಲಿಸುತ್ತೇವೆ. ಗಂಟಲಿನ ಕಫ ಸಕ್ಷನ್ ಮಾಡುತ್ತೇವೆ. ಬಾಯಿಯ ಪೈಪಿನ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ, ಗಂಡಸರಲ್ಲಿ ಸಾಮಾನ್ಯವಾಗಿ 22-23ರ ಗುರುತು ಹಲ್ಲು ಅಥವಾ ತುಟಿಯ ಬಳಿ ಇರುತ್ತದೆ. ಆ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ, ಕಟ್ಟಿರುವ ಟೇಪ್ ಬಿಗಿಯಾಗಿದೆಯೇ ನೋಡುತ್ತೇವೆ. ಯೂರಿನ್ ಬ್ಯಾಗನ್ನು ರೋಗಿ ತಿರುಗುವ ಬದಿಗೆ ತಂದು ಕೆಳಗೇ ತೂಗುಹಾಕುತ್ತೇವೆ. ಕುತ್ತಿಗೆಯಲ್ಲಿ ಔಷಧಿ ಹೋಗುವ ಸೆಂಟ್ರಲ್ ಲೈನ್, ಮಣಿಕಟ್ಟಿನಲ್ಲಿ ಬಿ.ಪಿ. ಅಳೆಯುವ ಆರ್ಟ್ ಲೈನ್, ಎದೆಯ ಇಸಿಜಿ ವೈರುಗಳಿಗೆ ಎಷ್ಟು ಉದ್ದ ಉಳಿದಿದೆ ಎಂದು ಕೈಯಿಂದಲೇ ಎಳೆದು ಅಂದಾಜು ಮಾಡುತ್ತೇವೆ. ವೆಂಟಿಲೇಟರ್ ಯಾವ ಬದಿಗಿದೆಯೋ ಆ ಬದಿಗೇ ರೋಗಿಯನ್ನು ತಿರುಗಿಸುವುದು ವಾಡಿಕೆ.

ಇಷ್ಟಾದ ಮೇಲೆ ಮಂಚದ ತಲೆಭಾಗ ಏರಿಸಿ ಎರಡು ನಿಮಿಷ ಕಾಯುತ್ತೇವೆ. ಬಿ.ಪಿ. ಇಳಿಯದಿದ್ದರೆ ಮುಂದಿನ ಹೆಜ್ಜೆ. ಒಬ್ಬರ ಕೆಲಸ ಪೈಪ್ ಹಿಡಿಯುವುದು ಮಾತ್ರ; ಸೀಲಿಂಗೇ ಕಳಚಿ ಬಿದ್ದರೂ ಅವರು ಕೈ ಬಿಡುವಂತಿಲ್ಲ. ಇನ್ನೊಬ್ಬರು ಮಂಚದ ಮೇಲೆ ಮಂಡಿಯೂರಿ ಹಿಂದಿನಿಂದ ಬೆನ್ನಿಗೆ ಆಸರೆ. ಮೂರನೆಯವರು ಎದುರಿಗೆ ನಿಂತು, ಮಂಡಿಗಳನ್ನು ತಮ್ಮ ಮಂಡಿಗಳಿಂದ ತಡೆದು, ಪಾದ ನೆಲಕ್ಕೋ ಸ್ಟೂಲಿಗೋ ತಾಗುವಂತೆ ನೋಡಿಕೊಳ್ಳುತ್ತಾರೆ. ಸಿಸ್ಟರ್ ಮಾನಿಟರ್ ಓದುತ್ತಿರುತ್ತಾರೆ. ಮೊದಲ ಸಲ ಕೂತವರ ತಲೆ ಎದೆಯ ಮೇಲೆ ಜೋತುಬೀಳುತ್ತದೆ, ಕುತ್ತಿಗೆ ಎತ್ತಿ ನಿಮಿಷ ನಿಲ್ಲಿಸಿದರೆ ಅಂದಿನ ಮಟ್ಟಿಗೆ ಅದೇ ವ್ಯಾಯಾಮ. ಕಿಟಕಿ ಇದ್ದರೆ ಅತ್ತ ತಿರುಗಿಸಿ ಕೂರಿಸುವುದು ನನಗಿಷ್ಟ, ನೋಡಲು ಏನಾದರೂ ಇದ್ದರೆ ತಲೆ ತಾನಾಗಿಯೇ ಮೇಲೇಳುತ್ತದೆ.

ಇದನ್ನು ಯಾರಿಗೆ ಬೇಕಾದರೂ ಯಾವಾಗ ಬೇಕಾದರೂ ಮಾಡುವುದಿಲ್ಲ. ವೆಂಟಿಲೇಟರಿನಲ್ಲಿ ಶೇ 60ಕ್ಕಿಂತ ಹೆಚ್ಚು ಆಮ್ಲಜನಕ ಬೇಕಾಗುತ್ತಿದ್ದರೆ, ಅಷ್ಟು ಕೊಟ್ಟರೂ ರಕ್ತದ ಆಮ್ಲಜನಕ ಶೇ 90 ಮುಟ್ಟದಿದ್ದರೆ, ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಬಿ.ಪಿ. ಹಿಡಿದಿಡಲು ನಾರ್‌ಅಡ್ರಿನಲಿನ್ ಹೆಚ್ಚು ಹೆಚ್ಚು ಓಡಿಸಬೇಕಾಗಿದ್ದರೆ, ಹೃದಯದ ಲಯ ಹೊಸದಾಗಿ ತಪ್ಪಿದ್ದರೆ, ಎಲ್ಲಾದರೂ ರಕ್ತಸ್ರಾವ ಆಗುತ್ತಿದ್ದರೆ, ತಲೆಯೊಳಗಿನ ಒತ್ತಡ ಏರಿದ್ದರೆ ಆ ದಿನ ಕೂರಿಸುವುದಿಲ್ಲ. ಮಲಗಿದಲ್ಲೇ ಕೀಲುಗಳನ್ನು ಆಡಿಸುತ್ತೇವೆ, ಮಗ್ಗುಲು ಬದಲಿಸುತ್ತೇವೆ. ಈ ಎಚ್ಚರಿಕೆಗಳನ್ನು ಪಾಲಿಸಿದಲ್ಲಿ ಅಪಾಯ ಎಷ್ಟಿದೆ ಎಂದೂ ಲೆಕ್ಕ ಸಿಕ್ಕಿದೆ: ಹಲವು ಅಧ್ಯಯನಗಳ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಬಾರಿಯ ಚಟುವಟಿಕೆಯನ್ನು ಕೂಡಿಸಿ ನೋಡಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಏನಾದರೊಂದು ಏರುಪೇರು ಆದದ್ದು ಶೇ 2.6ರಷ್ಟು ಸಲ. ಅದರಲ್ಲೂ ಹೆಚ್ಚಿನವು ಮತ್ತೆ ಮಲಗಿಸಿದೊಡನೆ ಸರಿಹೋಗುವಂಥವು.

ಹಾಗಾದರೆ ಹೆಚ್ಚು ಕೂರಿಸಿದಷ್ಟೂ, ಬೇಗ ನಡೆಸಿದಷ್ಟೂ ಒಳ್ಳೆಯದೇ? ನಮ್ಮ ವೃತ್ತಿಯವರೂ ಇಲ್ಲಿ ಹುರುಪಿನಲ್ಲಿ ಎಡವುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2009ರಲ್ಲಿ ಷಿಕಾಗೊ ಮತ್ತು ಅಯೋವಾದ ಎರಡು ಆಸ್ಪತ್ರೆಗಳಲ್ಲಿ 104 ವೆಂಟಿಲೇಟರ್ ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನವೂ ಮತ್ತಿನ ಔಷಧಿ ನಿಲ್ಲಿಸಿ, ಎಚ್ಚರವಾದಾಗ ಫಿಸಿಯೋಥೆರಪಿಯನ್ನು ಆರಂಭದ ದಿನಗಳಿಂದಲೇ ಕೊಟ್ಟವರಲ್ಲಿ ಶೇ 59ರಷ್ಟು ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿ ಆಸ್ಪತ್ರೆಯಿಂದ ಹೊರಬಂದರು. ವೈದ್ಯರು ಹೇಳಿದಾಗಷ್ಟೇ ಫಿಸಿಯೋಥೆರಪಿ ಕೊಟ್ಟ ಗುಂಪಿನಲ್ಲಿ ಇದು ಶೇ 35. ಇದನ್ನು ಓದಿದವರೆಲ್ಲ ಖುಷಿಯಾದರು. 2022ರಲ್ಲಿ ಆಸ್ಟ್ರೇಲಿಯಾದವರ ಮುಂದಾಳತ್ವದಲ್ಲಿ ಆರು ದೇಶಗಳ 750 ರೋಗಿಗಳ ದೊಡ್ಡ ಅಧ್ಯಯನ ಬಂತು, ಖುಷಿಗೆ ತಣ್ಣೀರು ಬಿತ್ತು. ದಿನಕ್ಕೆ ಸರಾಸರಿ 21 ನಿಮಿಷ ಚಟುವಟಿಕೆ ಮಾಡಿಸಿದ ಗುಂಪಿಗೂ, ರೂಢಿಯಂತೆ 9 ನಿಮಿಷ ಮಾಡಿಸಿದ ಗುಂಪಿಗೂ ಆರು ತಿಂಗಳ ನಂತರ ಮುಖ್ಯ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಹೆಚ್ಚು ಮಾಡಿಸಿದವರಲ್ಲಿ ಬಿ.ಪಿ., ಹೃದಯಲಯ, ಆಮ್ಲಜನಕದ ಏರುಪೇರು ಶೇ 9.2, ಇನ್ನೊಂದು ಗುಂಪಿನಲ್ಲಿ ಶೇ 4.1.

ಕೆಲವರು ಇದನ್ನು 'ಐಸಿಯುನಲ್ಲಿ ಫಿಸಿಯೋಥೆರಪಿ ವ್ಯರ್ಥ' ಎಂದು ಓದಿಕೊಂಡರು. ನಾನು ಹಾಗೆ ಓದುವುದಿಲ್ಲ. ರೂಢಿಯ ಗುಂಪಿನವರನ್ನೂ ಅಲ್ಲಿ ಮಲಗಿಸಿಯೇ ಬಿಟ್ಟಿರಲಿಲ್ಲ, ಅವರನ್ನೂ ದಿನವೂ ಏಳಿಸುತ್ತಿದ್ದರು. ಏಳಿಸದೇ ಇರುವುದಕ್ಕೂ ಏಳಿಸುವುದಕ್ಕೂ ಇರುವ ಅಂತರವೇ ಬೇರೆ, ಒಂಬತ್ತು ನಿಮಿಷಕ್ಕೂ ಇಪ್ಪತ್ತೊಂದು ನಿಮಿಷಕ್ಕೂ ಇರುವ ಅಂತರವೇ ಬೇರೆ. ಷಿಕಾಗೊದವರೇ 2023ರಲ್ಲಿ ಪ್ರಕಟಿಸಿದ 200 ರೋಗಿಗಳ ಮತ್ತೊಂದು ಅಧ್ಯಯನದಲ್ಲಿ, ವೆಂಟಿಲೇಟರ್ ಹಾಕಿದ ಮೊದಲ ನಾಲ್ಕು ದಿನದೊಳಗೆ ಶುರುಮಾಡಿದವರಲ್ಲಿ ವರ್ಷದ ನಂತರ ನೆನಪು, ಯೋಚನೆಯ ಶಕ್ತಿ ಕುಂದಿದವರು ಶೇ 24. ರೂಢಿಯ ಗುಂಪಿನಲ್ಲಿ ಶೇ 43. ನಿಮಿಷ ಹೆಚ್ಚಿಸುವುದರಲ್ಲಿ ಅಂಥ ಲಾಭವಿಲ್ಲ, ಬೇಗ ಎಚ್ಚರಿಸಿ, ಎಚ್ಚರವಿದ್ದವರ ಕೈಯಿಂದಲೇ ಸ್ವಲ್ಪ ಸ್ವಲ್ಪ ಮಾಡಿಸುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮತ್ತಿನಲ್ಲಿರುವವರ ಕಾಲನ್ನು ನಾವು ಮಡಚಿ ಬಿಡಿಸಿದರೆ ಕೀಲು ಬಿಗಿಯದಂತೆ ಕಾಪಾಡಬಹುದು, ಶಕ್ತಿ ಬರುವುದಿಲ್ಲ.

ಆದ್ದರಿಂದ ಐಸಿಯು ಪುನಶ್ಚೇತನದ ಮೊದಲ ಕೆಲಸ ನನ್ನ ಕೈಯಲ್ಲಿಲ್ಲ, ಮತ್ತಿನ ಔಷಧಿಯ ಸಿರಿಂಜ್ ಪಂಪಿನಲ್ಲಿದೆ. ದಿನಕ್ಕೊಮ್ಮೆ ಆ ಪಂಪ್ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರೆ ವೆಂಟಿಲೇಟರಿನ ದಿನಗಳು ಕಡಿಮೆಯಾಗುತ್ತವೆ ಎಂದು 2000ದಲ್ಲೇ ತೋರಿಸಿದ್ದಾರೆ: ಆ ಅಧ್ಯಯನದಲ್ಲಿ 7.3 ದಿನ ಇದ್ದದ್ದು 4.9ಕ್ಕೆ ಇಳಿಯಿತು. ಇಲ್ಲಿ ಮನೆಯವರ ಪಾತ್ರ ಇದೆ. ಅಪ್ಪ ಕಣ್ಣು ಬಿಟ್ಟು ಪೈಪ್ ಕಚ್ಚಿ ತಲೆ ಆಡಿಸುವುದನ್ನು ನೋಡಿ ಸಂಕಟವಾಗಿ, 'ಡಾಕ್ಟ್ರೇ, ನಿದ್ದೆ ಬರೋ ಹಾಗೆ ಏನಾದ್ರೂ ಕೊಟ್ಬಿಡಿ' ಎಂದು ಎಷ್ಟೋ ಮಕ್ಕಳು ಕೇಳುತ್ತಾರೆ. ಕೇಳುವುದು ಸಹಜ. ಅದರ ಬದಲು ಹೀಗೆ ಕೇಳಿ: 'ನೋವಿದೆಯೇ? ನೋವಿಗೆ ಔಷಧಿ ಕೊಟ್ಟಿದ್ದೀರಾ? ಇವತ್ತು ಎಷ್ಟು ಹೊತ್ತು ಎಚ್ಚರವಿದ್ದರು?' ಕೆಲವು ರೋಗಿಗಳಲ್ಲಿ ಮತ್ತಿನ ಔಷಧಿ ನಿಲ್ಲಿಸುವಂತಿರುವುದಿಲ್ಲ, ವೈದ್ಯರು ಅದನ್ನು ಹೇಳುತ್ತಾರೆ. ಹೇಳದಿದ್ದರೆ ಕೇಳುವ ಹಕ್ಕು ನಿಮಗಿದೆ.

ಎಚ್ಚರವಾದವರು ಕೆಲವು ದಿನ ದಿಕ್ಕುತಪ್ಪಿದಂತೆ ಆಡುವುದುಂಟು. ಇಲ್ಲದ ಇರುವೆ ಕಾಣುತ್ತದೆ, ಸತ್ತುಹೋದ ತಾಯಿ ಬಾಗಿಲಲ್ಲಿ ನಿಂತಂತಾಗುತ್ತದೆ, ಸಿಸ್ಟರ್ ಕೊಲ್ಲಲು ಬಂದಳು ಎನಿಸುತ್ತದೆ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಸೋಂಕು, ಔಷಧಿ, ನಿದ್ದೆಗೇಡು ಸೇರಿ ಮಿದುಳು ತತ್ತರಿಸುವ ಸ್ಥಿತಿ, ಸುಮ್ಮನೆ ಮಂಕಾಗಿ ಬಿದ್ದಿರುವ ರೂಪದಲ್ಲೂ ಬರುತ್ತದೆ. ಹಗಲು ಕೂರಿಸುವುದು, ರಾತ್ರಿ ನಿದ್ದೆ ಮಾಡಲು ಬಿಡುವುದು ಇದಕ್ಕೆ ಒಳ್ಳೆಯ ಚಿಕಿತ್ಸೆ.

ಒಳಗೆ ಬಿಡುವ ಆ ಹತ್ತು ಹದಿನೈದು ನಿಮಿಷದಲ್ಲಿ ನೀವು ಮಾಡಬಹುದಾದ್ದೇನು? ಅಪ್ಪನ ಕನ್ನಡಕ ತೆಗೆದುಕೊಂಡು ಹೋಗಿ. ಎಷ್ಟು ಜನ ಕನ್ನಡಕವಿಲ್ಲದೆ ವಾರಗಟ್ಟಲೆ ಮಸುಕು ಮಸುಕಾದ ಸೀಲಿಂಗ್ ನೋಡುತ್ತ ಮಲಗಿರುತ್ತಾರೆಂದರೆ ನನಗೆ ಸಿಟ್ಟೇ ಬರುತ್ತದೆ. ಕಿವಿಯ ಮೆಷೀನ್ ಇದ್ದರೆ ಅದನ್ನೂ ಕೊಡಿ. ಮುಟ್ಟುವ ಮೊದಲು ಕೈತೊಳೆದು, ನೀವು ಯಾರೆಂದು ಹೇಳಿ, ಇವತ್ತು ಯಾವ ವಾರ, ಬೆಳಗೋ ಸಂಜೆಯೋ ತಿಳಿಸಿ. ಮನೆಯ ಸುದ್ದಿ ಹೇಳಿ: ಎಮ್ಮೆ ಕರು ಹಾಕಿದ್ದು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ. ಮಾತಾಡಲಾಗದವರಿಗೆ 'ಹೌದು ಅಂದ್ರೆ ಕಣ್ಣು ಮುಚ್ಚು' ಎಂಬಂಥ ಪ್ರಶ್ನೆ ಕೇಳಿ. ಕೈಯಲ್ಲಿ ಕೈಯಿಟ್ಟು 'ಹಿಚುಕಪ್ಪಾ, ಬಿಡಪ್ಪಾ' ಎನ್ನಿ. ಪಾದವನ್ನು ಮೇಲಕ್ಕೆ ಎಳೆಯುವುದು, ಕೆಳಕ್ಕೆ ಒತ್ತುವುದು, ಇದನ್ನು ಹತ್ತು ಸಲ ಅವರಿಂದಲೇ ಮಾಡಿಸಿ. ಇವೆರಡನ್ನೂ ಮೊದಲ ದಿನ ಫಿಸಿಯೋ ಅವರ ಎದುರಿಗೇ ಕಲಿಯಿರಿ. ಕಾಲಿನ ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕಲು ಹೋಗಬೇಡಿ, ಮಲಗಿದವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಪೈಪ್ ತೆಗೆದ ದಿನ 'ಬಾಯಾರಿಕೆ' ಎಂದು ಸನ್ನೆ ಮಾಡಿದರೆ ಕದ್ದು ನೀರು ಕುಡಿಸಬೇಡಿ. ದಿನಗಟ್ಟಲೆ ಪೈಪ್ ಇದ್ದ ಗಂಟಲು ನುಂಗುವುದನ್ನು ಮರೆತಿರುತ್ತದೆ, ನೀರು ಶ್ವಾಸಕೋಶಕ್ಕೆ ಇಳಿದು ಮತ್ತೆ ನ್ಯುಮೋನಿಯಾ ಆದವರಿದ್ದಾರೆ. ನುಂಗುವುದನ್ನು ಪರೀಕ್ಷಿಸಿದ ಮೇಲೆ ಅವರೇ ಹೇಳುತ್ತಾರೆ.

ಪ್ರೋಟೀನ್ ಪುಡಿಯ ಡಬ್ಬ ತಂದುಕೊಡಬೇಕೇ ಎಂದೂ ಬಹಳ ಜನ ಕೇಳುತ್ತಾರೆ. ಪ್ರೋಟೀನ್ ಬೇಕು, ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 1.2-1.3 ಗ್ರಾಂ. ಅದರ ದುಪ್ಪಟ್ಟು ಸುರಿದರೆ ಲಾಭವಿಲ್ಲ ಎಂದು 2023ರಲ್ಲಿ 1,300 ರೋಗಿಗಳ ಅಧ್ಯಯನ ತೋರಿಸಿತು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಿಗೆ ತೊಂದರೆಯೂ ಆಗಬಹುದು. ಡಯಟಿಷಿಯನ್ ಹೇಳಿದಷ್ಟು ಸಾಕು.

ಹಾಂ, ಫಿಸಿಯೋ ಎಂದರೆ ಬೆನ್ನು ತಟ್ಟಿ ಕಫ ತೆಗೆಯುವವರು ಎಂದಷ್ಟೇ ನಮ್ಮಲ್ಲಿ ಎಷ್ಟೋ ಆಸ್ಪತ್ರೆಗಳು ತಿಳಿದಿವೆ. ಬಿಲ್ಲಿನಲ್ಲಿ ದಿನಕ್ಕೆರಡು ಸಲ 'ಚೆಸ್ಟ್ ಫಿಸಿಯೋ' ಎಂದಿದ್ದು, ರೋಗಿ ಒಂದು ಸಲವೂ ಎದ್ದು ಕೂತಿಲ್ಲವಾದರೆ ಯಾಕೆಂದು ಕೇಳಿ. ಕಾರಣ ಇರಬಹುದು. ಮೂವರು ಕೈಜೋಡಿಸಬೇಕಾದ ಕೆಲಸಕ್ಕೆ ಒಬ್ಬರೇ ಸಿಸ್ಟರ್ ಇರುವುದೂ ಒಂದು ಕಾರಣ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಹೊಲದ ವಿಷಯ. ಹೋಗುವ ಸಾಧ್ಯತೆ ಇದೆ, ಬೇಗ ಅಲ್ಲ. ಟೊರಾಂಟೊದ ಮಾರ್ಗರೆಟ್ ಹೆರಿಜ್ ಮತ್ತು ತಂಡದವರು ತೀವ್ರ ಶ್ವಾಸಕೋಶ ವೈಫಲ್ಯದಿಂದ ಬದುಕಿ ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ವರ್ಷದ ನಂತರ ಆರು ನಿಮಿಷದಲ್ಲಿ ಅವರು ನಡೆದದ್ದು 422 ಮೀಟರ್, ಅವರ ವಯಸ್ಸಿಗೆ ಇರಬೇಕಾದ್ದರ ಮೂರನೇ ಎರಡು ಪಾಲು. ಕೆಲಸಕ್ಕೆ ಮರಳಿದ್ದವರು ಸುಮಾರು ಅರ್ಧ. ಐದು ವರ್ಷಕ್ಕೆ 436 ಮೀಟರ್. ಆಶ್ಚರ್ಯವೆಂದರೆ ಆ ಹೊತ್ತಿಗೆ ಅವರ ಶ್ವಾಸಕೋಶ ಬಹುಪಾಲು ಸರಿಯಾಗಿತ್ತು, ಸೋತಿದ್ದು ಸ್ನಾಯು. ಅಲ್ಲಿ ಬಹುಪಾಲಿನವರು ನಿಮ್ಮ ತಂದೆಗಿಂತ ಕಿರಿಯರು ಎಂಬುದೂ ಗಮನದಲ್ಲಿರಲಿ. ಈ ಮುಂಗಾರಿನ ಬಿತ್ತನೆಯ ಲೆಕ್ಕಕ್ಕೆ ಅಪ್ಪನನ್ನು ಸೇರಿಸಿಕೊಳ್ಳಬೇಡಿ. ಮುಂದಿನದರ ಬಗ್ಗೆ ಆರು ತಿಂಗಳಾದ ಮೇಲೆ ಮಾತಾಡೋಣ.

ಮನೆಗೆ ಬಂದ ಮೇಲಿನ ನಿಜವಾದ ಪರೀಕ್ಷೆ ನಡಿಗೆಯಲ್ಲ, ಪಾಯಿಖಾನೆ. ಆಸ್ಪತ್ರೆಯ ವರಾಂಡದಲ್ಲಿ ವಾಕರ್ ಹಿಡಿದು ಚೆನ್ನಾಗಿ ನಡೆದವರು ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಏಳಲಾಗದೆ ಬೀಳುತ್ತಾರೆ. ಇಳಿಯುವಾಗ ದೇಹದ ಭಾರವನ್ನೆಲ್ಲ ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು, ಕರಗಿದ್ದೂ ಅದೇ. ಡಿಸ್ಚಾರ್ಜ್‌ಗೆ ಮೊದಲೇ ಕಮೋಡ್ ಕುರ್ಚಿ ಒಂದು ತಂದಿಡಿ, ಗೋಡೆಗೊಂದು ಗಟ್ಟಿ ಹಿಡಿಕೆ ಹೊಡೆಸಿ, ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಹಾಸಿಗೆ ನೆಲದ ಮೇಲೆ ಬೇಡ, ಮಂಚ ಇರಲಿ. ವ್ಯಾಯಾಮಕ್ಕೆ ಜಿಮ್ ಬೇಡ: ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೊದಲ ವಾರ ಐದೈದು ಸಲ, ದಿನಕ್ಕೆ ಮೂರು ಹೊತ್ತು. ಸಲೀಸಾದ ಮೇಲೆ ಕುರ್ಚಿಯ ಎತ್ತರ ತಗ್ಗಿಸುತ್ತ ಹೋಗುವುದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಅಂಗಳದಲ್ಲಿ ನಡೆಯುವಾಗ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿಯಬೇಕು, ಉಳಿಯದಿದ್ದರೆ ನಿಂತು ಸುಧಾರಿಸಿಕೊಳ್ಳಲಿ. ಮಾರನೇ ದಿನ ಏಳಲಾಗದಷ್ಟು ಸುಸ್ತಾದರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ.

ಕೂದಲು ಉದುರುವುದು, ದನಿ ಗೊಗ್ಗರಾಗುವುದು, ಕೆಟ್ಟ ಕನಸು, ಸಣ್ಣ ಲೆಕ್ಕಕ್ಕೂ ತಡವರಿಸುವುದು, ಕಾರಣವಿಲ್ಲದೆ ಅಳು, ಇವು ಐಸಿಯುನಿಂದ ಬಂದ ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಅಪ್ಪ ಆಲಸಿಯಾದರು ಎಂದು ಮನೆಯಲ್ಲಿ ಯಾರೂ ಅನ್ನದಿರಲಿ. ಪಾದ ಜೋತುಬಿದ್ದು ನಡೆಯುವಾಗ ಬೆರಳು ನೆಲಕ್ಕೆ ತಾಗುತ್ತಿದ್ದರೆ ಮಾತ್ರ ತಾನಾಗಿ ಸರಿಹೋಗಲಿ ಎಂದು ಕಾಯಬೇಡಿ, ಪಾದವನ್ನು ಎತ್ತಿ ಹಿಡಿಯಲು ಕಟ್ಟುವ ಪಟ್ಟಿ ಸಿಗುತ್ತದೆ, ಬೇಗ ಹಾಕಿದಷ್ಟು ಒಳ್ಳೆಯದು.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧಿಯ ಪಟ್ಟಿ ತಪ್ಪದೆ ಇರುತ್ತದೆ, ಮೇಲೆ ಹೇಳಿದ 60ರ ಅಂಕ, ಎಷ್ಟು ದೂರ ನಡೆದರು, ಮುಂದಿನ ವ್ಯಾಯಾಮ ಏನು ಎಂಬುದು ಇರುವುದಿಲ್ಲ. ಕೇಳಿ ಬರೆಸಿಕೊಳ್ಳಿ. ಹುಬ್ಬಳ್ಳಿಗೆ ವಾರವಾರ ಬರುವುದು ಕಷ್ಟವಾದರೆ, ಆ ಹಾಳೆ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಊರ ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿ ಮುಂದುವರಿಸಬಹುದು. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜ್ವರ ಮರುಕಳಿಸಿದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆತನ್ನಿ, ಮರುದಿನದವರೆಗೆ ಕಾಯಬೇಡಿ.